ಚಕ್ರದ ಗುರುತಿನ ಗೋಡೆ

ಭಾನುವಾರ ಮಧ್ಯಾಹ್ನ ಸೊಸೆ ಅನ್ನ ಬಸಿಯಲೆಂದು ಪಾತ್ರೆಗೆ ಬಟ್ಟೆ ಹಿಡಿದಿದ್ದಳಷ್ಟೆ, ಗುರುತು ಪರಿಚಯವಿಲ್ಲದ ಒಂದು ಗುಂಪು ಅಡುಗೆಮನೆಗೆ ನುಗ್ಗಿತು. ನುಗ್ಗಿತು ಎನ್ನುವುದು ಅವಳ ಮಾತು. ಅವಳ ಮಾವನನ್ನು ಕೇಳಿದರೆ ಗುಂಪು ‘ದಯಮಾಡಿಸಿತು’ ಎನ್ನುತ್ತಿದ್ದರು.

“ಬನ್ನಿ ಬನ್ನಿ, ಹಿಂದಿರೋರು ಮುಂದೆ ಬನ್ನಿ. ಒಲೆ ಹತ್ರ ಜಾಗ ಇದೆ ನೋಡಿ,” ಎಂದು ಮಾವ ಕೈಬೀಸಿದರು. “ನಮ್ಮ ಸೊಸೆ ಏನೂ ಅಂದ್ಕೊಳ್ಳಲ್ಲ.”

ಸೊಸೆ ಬೇಕಾದಷ್ಟು ಅಂದುಕೊಂಡಳು. ಬಿಸಿ ಪಾತ್ರೆಯನ್ನು ಕೆಳಗಿಡಲೂ ಆಗದೆ, ಹಿಡಿದು ನಿಲ್ಲಲೂ ಆಗದೆ ಮೂಲೆಗೆ ಅಂಟಿಕೊಂಡಳು. ಯಾರೋ ಒಬ್ಬಾಕೆ ಅವಳ ಉಪ್ಪಿನ ಡಬ್ಬಿಯ ಫೋಟೋ ತೆಗೆದಳು.

ಒಲೆಯ ಪಕ್ಕದಲ್ಲಿ ಮನೆಯ ಹಿಂಗೋಡೆ. ಅದರ ನಡುವೆ ಒಂದಾಳೆತ್ತರಕ್ಕೆ ಮಾವ ತಾವೇ ಗಾರೆ ಕೆರೆದು ಒಳಗಿನ ಇಟ್ಟಿಗೆ ಕಾಣುವಂತೆ ಮಾಡಿದ್ದರು. ಒಂದೊಂದು ಇಟ್ಟಿಗೆಯ ಮೇಲೂ ಒಂದೊಂದು ಪುಟ್ಟ ಚಕ್ರದ ಗುರುತು.

“ಕೈಯಿಟ್ಟು ನೋಡಿ,” ಮಾವನ ಗಂಟಲು ಬೀದಿಗೆ ಕೇಳಿಸುತ್ತಿತ್ತು. “ಗಿರಣಿಯ ಸ್ವಂತ ಭಟ್ಟಿಯಲ್ಲಿ ಸುಟ್ಟ ಇಟ್ಟಿಗೆ ಇದು. ಆ ದೊಡ್ಡ ಚಿಮಣಿ ಕಟ್ಟಿದ ಕೈಗಳೇ ಈ ಗೋಡೇನೂ ಕಟ್ಟಿದ್ದು. ನೂರು ವರ್ಷದ ಮೇಲಾಯ್ತು, ಒಂದು ಕೂದಲೆಳೆ ಬಿರುಕು ತೋರಿಸಿ ನೋಡೋಣ!”

ಯಾರೂ ತೋರಿಸಲಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು. ಮಾವ ಮದುವೆ ಗಂಡಿನ ಹಾಗೆ ನಾಚಿಕೊಂಡರು.

ಮಾವನನ್ನು ಊರೆಲ್ಲ ಕರೆಯುವುದು ಫಿಟ್ಟರ್ ಎಂದೇ. ಜವಳಿ ಗಿರಣಿಯಲ್ಲಿ ಮಗ್ಗಗಳ ರಿಪೇರಿ ಅವರ ಕೆಲಸವಾಗಿತ್ತು. ಗಿರಣಿ ಮುಚ್ಚಿ ಎಷ್ಟೋ ವರ್ಷಗಳಾದವು. ಈಗ ಊರಿಗೆ ಹಳೆಯದರ ಮೇಲೆ ಪ್ರೀತಿ ಉಕ್ಕಿದೆ. ಪರಂಪರೆ ಸಮಿತಿ ಅಂತ ಒಂದಾಗಿದೆ. ಭಾನುವಾರಗಳಂದು ಟೋಪಿ ಹಾಕಿಕೊಂಡ ಜನ ಬಂದು ಗಿರಣಿಯ ಗೇಟು, ನಿಂತುಹೋದ ದೊಡ್ಡ ಗಡಿಯಾರ, ಚಿಮಣಿ, ಮಗ್ಗದ ಶೆಡ್ಡು ಎಲ್ಲ ನೋಡುತ್ತಾರೆ. ತೋರಿಸುವವರು ಫಿಟ್ಟರ್. ಕೊನೆಗೆ ಕೆಲಸಗಾರರ ಸಾಲುಮನೆಗಳು, ಅದರಲ್ಲೂ ಕೊನೆಗೆ ಅವರದೇ ಮನೆ, ಅವರದೇ ಗೋಡೆ.

ಅವರೆಲ್ಲ ಹೋದಮೇಲೆ ಮನೆಯವರು ಊಟಕ್ಕೆ ಕೂತರು. ಅನ್ನ ಮುದ್ದೆಯಾಗಿತ್ತು.

“ಇದೇನು, ಅನ್ನ ಅಂಟು ಹಾಕಿದ ಹಾಗಿದೆ?” ಎಂದ ಮಗ. ಅವನು ಬಸ್ ಡ್ರೈವರ್. ಬೀದಿಯಲ್ಲಿ ಎದುರಿಗೆ ಬರುವ ಲಾರಿಗೆ ಹೆದರದವನು ಮನೆಯಲ್ಲಿ ಮಾತು ಜೋರಾದರೆ ತಟ್ಟೆಯೊಳಗೆ ಮುಖ ಇಳಿಸುತ್ತಿದ್ದ.

“ನಿಮ್ಮಪ್ಪನ್ನ ಕೇಳಿ,” ಎಂದಳು ಸೊಸೆ. “ಅನ್ನ ಬಸಿಯೋ ಹೊತ್ತಿಗೆ ಸರಿಯಾಗಿ ಮೆರವಣಿಗೆ ತಂದ್ರು. ಮಾವ, ನಿಮ್ಮ ಚಿಮಣಿ ತೋರಿಸಿ, ಗಡಿಯಾರ ತೋರಿಸಿ, ನಾನು ಬೇಡ ಅಂತೀನಾ? ನನ್ನ ಅಡುಗೆಮನೆ ಯಾಕೆ?”

“ಅಡುಗೆಮನೆ ಯಾರಿಗೆ ಬೇಕಮ್ಮ, ಜನ ಗೋಡೆ ನೋಡೋಕೆ ಬರ್ತಾರೆ.”

“ಆ ಗೋಡೆ ವಿಷಯಕ್ಕೇ ಬಂದೆ. ಅದಕ್ಕೊಂದು ಬಾಗಿಲು ಇಡಿಸ್ಬೇಕು.”

ಫಿಟ್ಟರ್ ಕೈಯ ತುತ್ತು ಅಲ್ಲೇ ನಿಂತಿತು.

ಸೊಸೆ ಸುಮ್ಮನೆ ಕೇಳಿದ ಮಾತಲ್ಲ ಅದು. ಅತ್ತೆ ಹಿಂದಿನ ತಿಂಗಳು ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆ ಸಾಲಿನ ಮನೆಗಳಿಗೆಲ್ಲ ಸೇರಿ ಕಕ್ಕಸು, ಸ್ನಾನದ ಕೋಣೆ ಸಾಲಿನ ತುದಿಯಲ್ಲಿ. ಮುಂಬಾಗಿಲಿಂದ ಹೊರಬಿದ್ದು, ಎಲ್ಲ ಮನೆಗಳ ಜಗುಲಿ ದಾಟಿ, ಮೆಟ್ಟಿಲಿಳಿದು ಹೋಗಬೇಕು. ಆ ಮೆಟ್ಟಿಲ ಮೇಲೇ ಅತ್ತೆ ಜಾರಿದ್ದು. ಆಪರೇಷನ್ ಆಗಿ ಈಗ ನಾಲ್ಕು ಕಾಲಿನ ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಿದ್ದರು. ಹೊರಗೆ ಹೋಗಲು ಎರಡೂ ಕಡೆ ಜನ ಬೇಕು. ಸೊಸೆ ಬೇಕರಿಯಲ್ಲಿ ಕೆಲಸಕ್ಕೆ ಬೆಳಕು ಹರಿಯುವ ಮೊದಲೇ ಹೋಗುವವಳು. ಮಗನ ಬಸ್ಸಿಗೆ ಹೊತ್ತುಗೊತ್ತಿಲ್ಲ. ಕಾಲೇಜಿಗೆ ಹೋಗುವ ಮೊಮ್ಮಗಳು ಒಬ್ಬಳೇ ಅಜ್ಜಿಯನ್ನು ಹಿಡಿದುಕೊಂಡು ಹೋಗಿ ಬರಬೇಕು. ಹಿಂಗೋಡೆಗೆ ಬಾಗಿಲು ಒಡೆದರೆ ಆಚೆ ಪಾಳುಬಿದ್ದ ಒಂದು ಪಟ್ಟಿ ಜಾಗವಿದೆ, ಅಲ್ಲಿ ಒಂದು ಕಕ್ಕಸು, ಬಚ್ಚಲು ಕಟ್ಟಬಹುದು ಎಂದು ಗಾರೆ ಮೇಸ್ತ್ರಿ ಹೇಳಿದ್ದ.

“ಆ ಗೋಡೆ ಒಡೀಬೇಕಾ?” ಫಿಟ್ಟರ್ ಕೇಳಿದರು. “ಮುಂದಿನ ತಿಂಗಳು ಸಮಿತಿಯವರು ಬಂದು ಉಳಿಸ್ಬೇಕಾದ ಮನೆಗಳ ಪಟ್ಟಿ ಮಾಡ್ತಾರೆ. ನಮ್ಮನೇನ ಮಾದರಿ ಮನೆ ಅಂತ ಮಾಡ್ತಾರಂತೆ. ಗಿರಣಿಯವರು ಕಟ್ಟಿದ್ದು ಒಂದು ಇಟ್ಟಿಗೆ ಅಲುಗಾಡಬಾರದು ಅಂತ ರೂಲು. ಈಗ ಹೋಗಿ ಒಡೀತೀನಿ ಅಂದ್ರೆ ಮುಖಕ್ಕೆ ಉಗೀತಾರೆ.”

“ಅತ್ತೆ ಮತ್ತೆ ಬಿದ್ರೆ?”

“ಬೀಳೋ ಮಾತು ಯಾಕೆ ಆಡ್ತೀಯ? ಹಿಡ್ಕೊಂಡು ಹೋಗೋಣ. ಮನೇಲಿ ಇಷ್ಟು ಜನ ಇದೀವಿ.”

“ಇಷ್ಟು ಜನ ಯಾರು ಮಾವ? ಬೆಳಿಗ್ಗೆ ನೀವು ಯಾವತ್ತಾದ್ರೂ ಒಂದು ದಿನ ಹಿಡ್ಕೊಂಡು ಹೋಗಿದೀರಾ?”

ಫಿಟ್ಟರ್ ಹೋಗಿರಲಿಲ್ಲ. ಆ ಹೊತ್ತಿಗೆ ಹೆಂಗಸರು ನಿಂತಿರುತ್ತಾರೆ, ಸಂಕೋಚ ಎನ್ನುತ್ತಿದ್ದರು.

ಅಜ್ಜಿ ಬೇಳೆ ಕಲಸಿಕೊಳ್ಳುತ್ತಿದ್ದರು. ಗಂಡನ ಕಡೆ ನೋಡಿ ಬಾಯಿ ಮಾತ್ರ ಅಲುಗಿಸಿದರು. ಫಿಟ್ಟರ್ ಕೂಡ ಸದ್ದಿಲ್ಲದೆ ಬಾಯಿ ಅಲುಗಿಸಿ ಉತ್ತರ ಕೊಟ್ಟರು. ಅಲ್ಲಿಗೆ ಸೊಸೆಯ ಮೈ ಉರಿದುಹೋಯಿತು.

“ನೋಡಿ, ಶುರುವಾಯ್ತು! ನನ್ನ ಎದುರಿಗೇ ನನ್ನ ಬಗ್ಗೆ!”

“ಅಮ್ಮಾ, ನಿನ್ನ ಬಗ್ಗೆ ಅಲ್ಲ,” ಮೊಮ್ಮಗಳು ನಗು ತಡೆದುಕೊಂಡಳು. “ಅಜ್ಜಿ ಕೇಳಿದ್ದು ಉಪ್ಪು ಸಾಲ್ದಾ ಅಂತ.”

ಅದು ಮಗ್ಗದ ಶೆಡ್ಡಿನ ಭಾಷೆ. ನೂರಾರು ಮಗ್ಗ ಒಟ್ಟಿಗೆ ಬಡಿಯುವ ಕಡೆ ಕೂಗಿದರೂ ಕೇಳಿಸುವುದಿಲ್ಲ. ಗಿರಣಿಯವರೆಲ್ಲ ತುಟಿಯಲ್ಲೇ ಮಾತಾಡುವುದು, ತುಟಿ ನೋಡಿಯೇ ತಿಳಿದುಕೊಳ್ಳುವುದು ಕಲಿತಿದ್ದರು. ಅಜ್ಜಿ ನೇಯುತ್ತಿದ್ದವರು, ಫಿಟ್ಟರ್ ಮಗ್ಗದ ಕೆಳಗೆ ತೂರಿ ಸ್ಪ್ಯಾನರ್ ತಿರುವುತ್ತಿದ್ದವರು. ಅವರಿಬ್ಬರ ನಡುವೆ ನಡೆದ ಮೊದಲ ಮಾತುಗಳೂ ಸದ್ದಿಲ್ಲದ್ದೇ. ಈಗ ಇಬ್ಬರಿಗೂ ಕಿವಿ ಮಂದ. ಮಾತಾಡಿದರೆ ಬೀದಿಗೆಲ್ಲ ಕೇಳುತ್ತದೆ, ಇಲ್ಲವಾದರೆ ಪಕ್ಕದಲ್ಲಿ ಕೂತವರಿಗೂ ಕೇಳುವುದಿಲ್ಲ. ಮೊಮ್ಮಗಳು ಚಿಕ್ಕಂದಿನಿಂದ ನೋಡಿ ನೋಡಿ ಅಷ್ಟಿಷ್ಟು ಕಲಿತಿದ್ದಳು. ಸೊಸೆಗೆ ಅದು ಹತ್ತಿರಲಿಲ್ಲ. ತನಗೆ ಅರ್ಥವಾಗದ್ದೆಲ್ಲ ತನ್ನ ಬಗ್ಗೆಯೇ ಇರುತ್ತದೆ ಎಂದು ಅವಳಿಗೆ ಅನುಮಾನ. ಅವಳೊಬ್ಬಳ ತಪ್ಪೇನಲ್ಲ ಅದು, ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ಆ ವಾರ ಮನೆಯಲ್ಲಿ ಮಾತು ಕಡಿಮೆ, ಪಾತ್ರೆಗಳ ಸದ್ದು ಜಾಸ್ತಿ. ಸೊಸೆ ಬೇಕರಿಯಿಂದ ಬ್ರೆಡ್ಡು ತಂದು ಮಾವನ ಮುಂದೆ ಕುಕ್ಕುವಳು. ಫಿಟ್ಟರ್ ಅದನ್ನು ಚಹಾದಲ್ಲಿ ಅದ್ದಿ, ಗೋಡೆಯ ಕಡೆ ಮುಖಮಾಡಿ ತಿನ್ನುವರು. ಮಗ ಇಬ್ಬರ ಕಡೆಗೂ ತಲೆಯಾಡಿಸುವನು.

“ನೀವು ಯಾರ ಪಾರ್ಟಿ, ಅದಾದ್ರೂ ಹೇಳಿ,” ಎಂದು ಒಂದು ದಿನ ಸೊಸೆ ಬಟ್ಟೆ ಹಿಂಡುತ್ತ ಕೇಳಿದಳು.

“ನೀನು ಹೇಳೋದೂ ಸರಿ ಇದೆ.”

“ಅಪ್ಪ ಹೇಳೋದೂ ಸರಿ ಇದೆ, ಅಲ್ವಾ? ಬಸ್ಸನ್ನೂ ಹೀಗೇ ಓಡಿಸ್ತೀರಾ? ಎಡಕ್ಕೂ ಬಲಕ್ಕೂ ಒಟ್ಟಿಗೆ ತಿರುಗಿಸ್ತೀರಾ?”

ಅವನು ಹಿಂಡಿದ ಬಟ್ಟೆ ಎತ್ತಿಕೊಂಡು ಹಗ್ಗದ ಕಡೆ ಜಾರಿಕೊಂಡ.

ಕಿಟಕಿಯಲ್ಲಿ ಅಜ್ಜಿಯ ಹಾಸಿಗೆಯ ಪಕ್ಕ ಒಂದು ಹೂವಿನ ಕುಂಡವಿತ್ತು. ಒಂದು ಮಧ್ಯಾಹ್ನ ಬೇಕರಿಯಿಂದ ಬೇಗ ಬಂದ ಸೊಸೆ ನೋಡುತ್ತಾಳೆ, ಗಿಡದ ಎಲೆಯೆಲ್ಲ ಹಳದಿಯಾಗಿದೆ, ಬುಡದಲ್ಲಿ ನೀರು ನಿಂತು ಕೊಳೆತ ವಾಸನೆ. ಯಾರು ಇದಕ್ಕೆ ಇಷ್ಟು ನೀರು ಹಾಕುತ್ತಿದ್ದಾರೆ ಎಂದು ಯೋಚಿಸಿದಳು. ಹಾಸಿಗೆಯ ಬಳಿ ಅವಳೇ ತುಂಬಿಸಿಟ್ಟು ಹೋಗಿದ್ದ ಚೊಂಬು ಖಾಲಿಯಾಗಿತ್ತು. ಅತ್ತೆಯ ತುಟಿ ಒಣಗಿ ಸಿಪ್ಪೆ ಎದ್ದಿತ್ತು.

“ಅತ್ತೆ, ನೀರು ಕುಡೀತಿಲ್ವಾ ನೀವು?”

“ಕುಡಿದೆನಲ್ಲಮ್ಮ. ಚೊಂಬು ನೋಡು.”

“ಚೊಂಬು ನೋಡ್ದೆ. ಗಿಡಾನೂ ನೋಡ್ದೆ.”

ಅಜ್ಜಿ ಮುಖ ಆಚೆ ತಿರುಗಿಸಿದರು. ಸೊಸೆ ಹಾಸಿಗೆಯ ಅಂಚಿನಲ್ಲಿ ಕೂತು ಅವರ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ತುಟಿ ಕಾಣದಿದ್ದರೆ ಅತ್ತೆಗೆ ಮಾತು ತಲುಪುವುದಿಲ್ಲ ಎನ್ನುವಷ್ಟು ಅವಳಿಗೂ ಗೊತ್ತಿತ್ತು.

“ಯಾಕತ್ತೆ?”

“ಕುಡಿದ್ರೆ ಹೋಗ್ಬೇಕಾಗತ್ತಲ್ಲ,” ಎಂದರು ಅಜ್ಜಿ. “ಮಗು ಕಾಲೇಜಿಗೆ ಹೋದ್ಮೇಲೆ ಯಾರನ್ನ ಕರೀಲಿ? ಪಕ್ಕದ ಮನೆಯವಳು ಒಂದಿನ ಬಂದ್ಲು, ಎರಡು ದಿನ ಬಂದ್ಲು. ಮೂರನೇ ದಿನ ಅವಳ ಮುಖ ನೋಡಿ ನಾನೇ ಬೇಡ ಅಂದೆ. ಸಾಯಂಕಾಲದವರೆಗೂ ತಡ್ಕೋಬಹುದು, ಕುಡೀದೇ ಇದ್ರೆ.”

ಸೊಸೆಗೆ ಅಳು ಬಂತು. ಅತ್ತೆಯನ್ನು ಕಂಡರೆ ಪ್ರಾಣ ಬಿಡುವ ಸೊಸೆಯೇನಲ್ಲ ಅವಳು. ಸೀರೆಯ ಮಡಿಕೆಗೆ, ಸಕ್ಕರೆಯ ಅಳತೆಗೆ ಇಬ್ಬರೂ ಸಾಕಷ್ಟು ಕಚ್ಚಾಡಿದ್ದರು. ಆದರೂ ಮನೆಯ ಹಿರಿ ಹೆಂಗಸು ಬಾಯಾರಿಕೊಂಡು ಕೂತಿರುವುದನ್ನು ನೋಡಿ ಅವಳಿಗೆ ಸಹಿಸಲಾಗಲಿಲ್ಲ. ಲೋಟ ತುಂಬಿಸಿ ಅತ್ತೆಯ ಬಾಯಿಗೆ ಹಿಡಿದಳು. ಕುಡಿಯುವವರೆಗೂ ಬಿಡಲಿಲ್ಲ. ಆಮೇಲೆ ತಾನೇ ಹಿಡಿದುಕೊಂಡು ಸಾಲಿನ ತುದಿಗೆ ಹೋಗಿ ಬಂದಳು.

ಆ ಸಂಜೆಯ ಜಗಳ ಸಾಲಿನ ಮನೆಗಳಿಗೆಲ್ಲ ಕೇಳಿಸಿತು.

“ಗೋಡೆಗೆ ಎಣ್ಣೆ ಸವರಿ ಒರೆಸ್ತೀರಲ್ಲ, ಹೆಂಡ್ತಿಗೆ ಒಂದು ಲೋಟ ನೀರು ಕುಡಿಸಿದೀರಾ?” ಎಂದು ಸೊಸೆ ಮಾವನ ಮೇಲೆ ಹರಿಹಾಯ್ದಳು. ಗಿಡದ ಕುಂಡವನ್ನೇ ತಂದು ಅವರ ಮುಂದಿಟ್ಟಳು.

ಫಿಟ್ಟರ್ ಕುಂಡ ನೋಡಿದರು, ಹೆಂಡತಿಯನ್ನು ನೋಡಿದರು. ಮುಖ ಸಪ್ಪಗಾಯಿತು.

“ನನಗೆ ಗೊತ್ತಿರ್ಲಿಲ್ಲ,” ಎಂದರು.

“ಈಗ ಗೊತ್ತಾಯ್ತಲ್ಲ. ಬಾಗಿಲು ಇಡಿಸ್ತೀರಾ?”

“ಸಮಿತಿಯವರಿಗೆ ನಾನೇ ಹೇಳಿದೀನಿ ಕಣಮ್ಮ, ಇದು ಮೂಲ ಗೋಡೆ ಅಂತ. ಪೇಪರಲ್ಲೂ ಬಂದಿದೆ. ನನ್ನ ಮಾತು ನಂಬಿ ಅವರು…” ಅವರು ಕುಂಡವನ್ನು ಬದಿಗೆ ಸರಿಸಿದರು. “ಮನೆ ಪಟ್ಟಿಗೆ ಸೇರ್ಲಿ, ಆಮೇಲೆ ಏನಾದ್ರೂ ದಾರಿ ಹುಡುಕೋಣ.”

“ಪಟ್ಟಿಗೆ ಸೇರಿದ್ಮೇಲೆ ಮೊಳೆ ಹೊಡೆಯೋಕೂ ಬಿಡಲ್ಲ ಅಂತ ನೀವೇ ಹೇಳಿದ್ದು. ನಾನೊಂದು ದಾರಿ ಹುಡುಕಿದೀನಿ. ಬೇಕರಿ ಹಿಂದೆ ಎರಡು ರೂಮು ಖಾಲಿಯಿದೆ. ಒಳಗೇ ಕಕ್ಕಸು, ಬಚ್ಚಲು. ಸಮಿತಿ ಬಂದ ದಿನ ನಿಮ್ಮ ಗೋಡೆ ಪಟ್ಟಿಗೆ ಸೇರಿದ್ರೆ, ಅವತ್ತೇ ಅತ್ತೇನ ಕರ್ಕೊಂಡು ಹೋಗ್ತೀನಿ. ಇವರು, ಮಗಳು ಬಂದ್ರೆ ಬರ್ಲಿ. ನೀವು ಗೋಡೆ ಜೊತೆ ಸುಖವಾಗಿರಿ.”

ಮಗ ತಟ್ಟೆಯಿಂದ ಮುಖವೆತ್ತಿದ. “ಅಪ್ಪಾ, ನಾನು ಅಮ್ಮನ ಜೊತೆ ಹೋಗ್ತೀನಿ,” ಎಂದ. ಜನ್ಮದಲ್ಲಿ ಮೊದಲ ಸಲ ಒಂದು ಕಡೆಗೆ ತಿರುಗಿದ ಅವನನ್ನು ಹೆಂಡತಿಯೂ ಬೆರಗಾಗಿ ನೋಡಿದಳು.

ಮರುದಿನದಿಂದ ಫಿಟ್ಟರ್ ಸಂಕೋಚ ಬದಿಗಿಟ್ಟು ತಾವೇ ಹೆಂಡತಿಯನ್ನು ಹಿಡಿದುಕೊಂಡು ಹೊರಟರು. ಮೆಟ್ಟಿಲ ಹತ್ತಿರ ಅವರ ಮಂಡಿಯೇ ನಡುಗಿತು. ಹೆಂಡತಿಯನ್ನು ಹಿಡಿದವರನ್ನು ಹಿಡಿದುಕೊಳ್ಳಲು ಪಕ್ಕದ ಮನೆಯವಳು ಓಡಿಬರಬೇಕಾಯಿತು. ಆಮೇಲೆ ಮೊಮ್ಮಗಳು ಬೆಳಗಿನ ಒಂದು ಕ್ಲಾಸು ಬಿಟ್ಟು ಮನೆಯಲ್ಲೇ ಉಳಿಯತೊಡಗಿದಳು.

ಒಂದು ದಿನ ಆಲೂಗಡ್ಡೆ ಸುಲಿಯುತ್ತ ಸೊಸೆ ಅತ್ತೆಯನ್ನು ಕೇಳಿದಳು. “ನೀವೊಂದು ಮಾತು ಹೇಳಿದ್ರೆ ಮಾವ ಕೇಳ್ತಾರೆ. ಯಾಕತ್ತೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀರಾ?”

ಅಜ್ಜಿ ಸುಲಿದ ಆಲೂಗಡ್ಡೆಯನ್ನು ನೀರಿಗೆ ಹಾಕಿದರು. “ಗಿರಣಿ ಮುಚ್ಚಿದಾಗ ನೀನಿನ್ನೂ ಬಂದಿರ್ಲಿಲ್ಲ. ಈ ಮನುಷ್ಯ ಹೇಗಾಗಿದ್ರು ಗೊತ್ತಾ? ಗಡ್ಡ ಹೆರೆಯೋದೂ ಬಿಟ್ಟಿದ್ರು. ಗೋಡೆ ಕಡೆ ತಿರುಗಿ ಮಲಗಿದ್ರೆ ಊಟಕ್ಕೂ ಎಬ್ಬಿಸ್ಬೇಕು. ವರ್ಷಗಟ್ಟಲೆ ಹಾಗೇ. ಈಗ ಭಾನುವಾರ ಬಂತು ಅಂದ್ರೆ ಇಸ್ತ್ರಿ ಮಾಡಿದ ಶರ್ಟು ಕೇಳ್ತಾರೆ. ಜನ ಚಪ್ಪಾಳೆ ಹೊಡೀತಾರೆ. ಆ ಗೋಡೆ ಏನು, ಅದು…” ಎಂದವರು ನಿಲ್ಲಿಸಿಬಿಟ್ಟರು.

“ಅದು ಏನು?”

“ಏನಿಲ್ಲ. ಸಿಪ್ಪೆ ತೆಳ್ಳಗೆ ತೆಗಿ, ಅರ್ಧ ಆಲೂಗಡ್ಡೆ ಸಿಪ್ಪೇಲೇ ಹೋಗ್ತಿದೆ.”

ಸೊಸೆ ಮೂತಿ ತಿರುವಿದಳು.

ಸಮಿತಿ ಬರುವ ದಿನ ಬಂದೇ ಬಂತು. ಫಿಟ್ಟರ್ ಬೆಳಿಗ್ಗೆಯೇ ಗಡ್ಡ ಹೆರೆದುಕೊಂಡು ಕೆನ್ನೆ ಕೊಯ್ದುಕೊಂಡಿದ್ದರು. ಸೊಸೆ ಕೆಲಸಕ್ಕೆ ರಜೆ ಹಾಕಿ, ನಡುಮನೆಯಲ್ಲಿ ಟ್ರಂಕು ತುಂಬಿ ಮುಚ್ಚಳ ಹಾಕಿದ್ದಳು. ಅತ್ತೆಯ ಸೀರೆಗಳು, ಔಷಧಿ, ಅವರ ದಿಂಬು, ಎಲ್ಲ ಅದರಲ್ಲೇ. ಒಳಗೆ ಬಂದವರೆಲ್ಲ ಅದನ್ನು ಸುತ್ತಿಕೊಂಡೇ ಅಡುಗೆಮನೆಗೆ ಹೋಗಬೇಕಿತ್ತು. ಬೇಕೆಂದೇ ಅಲ್ಲಿಟ್ಟಿದ್ದಳು.

ಬಂದವರು ಮೂವರು. ನಗರಸಭೆಯ ಒಬ್ಬ ಅಧಿಕಾರಿ, ಒಬ್ಬ ಫೋಟೋಗ್ರಾಫರ್, ಮತ್ತೆ ಭಾನುವಾರದ ಗುಂಪಿನಲ್ಲಿ ಆಗಲೇ ಒಂದೆರಡು ಸಲ ಬಂದಿದ್ದ ದಪ್ಪ ಕನ್ನಡಕದ ಆರ್ಕಿಟೆಕ್ಟ್ ಮೇಡಂ. ಸಾಲಿನ ಹೆಂಗಸರೆಲ್ಲ ಕಿಟಕಿಗೆ ಮುತ್ತಿಕೊಂಡರು. ಅಜ್ಜಿಯನ್ನು ಅಡುಗೆಮನೆಯ ಹೊಸ್ತಿಲ ಬಳಿ ಕುರ್ಚಿ ಹಾಕಿ ಕೂರಿಸಿದ್ದರು. ಅಲ್ಲಿಂದ ಆಕೆಗೆ ಒಂದು ಕಡೆ ಗೋಡೆ, ಒಂದು ಕಡೆ ಟ್ರಂಕು ಕಾಣುತ್ತಿತ್ತು.

ಫಿಟ್ಟರ್ ಎಂದಿನಂತೆ ಶುರುಮಾಡಿದರು. ಚಿಮಣಿ ಕಟ್ಟಿದ ಕೈಗಳು, ಸ್ವಂತ ಭಟ್ಟಿ, ಕೂದಲೆಳೆ ಬಿರುಕಿಲ್ಲ. ಆದರೆ ಇಂದು ಗಂಟಲಲ್ಲಿ ಜೋರಿರಲಿಲ್ಲ. ಮೇಡಂ ಗೋಡೆಯ ಹತ್ತಿರ ಬಗ್ಗಿ ಚಕ್ರದ ಗುರುತನ್ನೇ ನೋಡುತ್ತಿದ್ದರು.

“ಹಾಗಾದ್ರೆ ಫಿಟ್ಟರ್ ಅವರೇ, ಇದು ಮನೆ ಕಟ್ಟಿದಾಗಿನ ಮೂಲ ಗೋಡೆ. ಹಾಗಂತ ಬರ್ಕೊಳ್ಳಲಾ?”

ಫಿಟ್ಟರ್ ಬಾಯಿ ತೆರೆದರು. ಆಗ ಅವರ ಕಣ್ಣು ಹೆಂಡತಿಯ ಮುಖದ ಮೇಲೆ ಬಿತ್ತು. ಅಜ್ಜಿಯ ತುಟಿಗಳು ಅಲುಗುತ್ತಿದ್ದವು. ಸದ್ದಿಲ್ಲ, ಆದರೆ ಒಂದೊಂದು ಅಕ್ಷರವನ್ನೂ ಅಗಲಿಸಿ, ಎಳೆದು, ಶೆಡ್ಡಿನಲ್ಲಿ ಮಗ್ಗದ ಆಚೆಯಿಂದ ಹೇಳುವ ಹಾಗೆ.

‘ಬೇಡ ಅನ್ನಿ. ಅದು ಮೂಲದ್ದಲ್ಲ.’

ಫಿಟ್ಟರ್ ಹುಬ್ಬು ಗಂಟಾಯಿತು. ಅವರ ತುಟಿಯೂ ಅಲುಗಿತು. ‘ಏನಂದೆ?’

‘ಅಲ್ಲಿ ಬಾಗಿಲಿತ್ತು. ಆಚೆ ಬಚ್ಚಲಿತ್ತು. ನಾನು ಚಿಕ್ಕೋಳು. ಗಿರಣೀಲಿ ನೂಲಿಗೆ ಬಣ್ಣ ಹಾಕೋ ಬಣ್ಣದ ಮನೆ ನೀರು ಚರಂಡಿ ಉಕ್ಕಿ ಬಚ್ಚಲಿಗೆ ಬರೋದು. ಒಂದು ದಿನ ಕೆಂಪು, ಒಂದು ದಿನ ನೀಲಿ. ಮಕ್ಕಳಿಗೆ ಮೈಯೆಲ್ಲ ಹುಣ್ಣು. ಕೊನೆಗೆ ನಮ್ಮಮ್ಮ, ಸಾಲಿನ ಹೆಂಗಸ್ರು ಎಲ್ಲ ಸೇರಿ ಬಚ್ಚಲು ಕೆಡವಿ, ಬಾಗಿಲಿಗೆ ಇಟ್ಟಿಗೆ ತುಂಬಿದ್ರು. ಗಿರಣಿ ಅಂಗಳದಲ್ಲಿ ಬಿದ್ದಿದ್ದ ಇಟ್ಟಿಗೆ. ಹೊತ್ತು ತಂದಿದ್ದು ನಾನು.’

ಆ ಮನೆ ಅಜ್ಜಿಯ ತಂದೆಗೆ ಗಿರಣಿ ಕೊಟ್ಟ ಮನೆ. ಆಕೆ ಹುಟ್ಟಿದ್ದೇ ಅಲ್ಲಿ. ಫಿಟ್ಟರ್ ಬಂದದ್ದು ಮದುವೆಯಾದ ಮೇಲೆ, ಮನೆಅಳಿಯನಾಗಿ. ಅವರು ಬಂದಾಗ ಆ ಗೋಡೆ ಅಲ್ಲಿತ್ತು. ಅದಕ್ಕೂ ಮುಂಚೆ ಏನಿತ್ತು ಎಂದು ಕೇಳಬೇಕು ಅಂತ ಅವರಿಗೆ ಯಾವತ್ತೂ ತೋಚಿರಲಿಲ್ಲ. ಊರಿಗೆಲ್ಲ ಊರಿನ ಕಥೆ ಹೇಳಿದವರು ಮನೆಯಾಕೆಯನ್ನು ಒಂದು ಮಾತು ಕೇಳಿರಲಿಲ್ಲ.

‘ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು,’ ಎಂದವು ಅಜ್ಜಿಯ ತುಟಿಗಳು. ಆಮೇಲೆ ಮುಚ್ಚಿಕೊಂಡವು.

ಅಧಿಕಾರಿ ಕೈಗಡಿಯಾರ ನೋಡಿಕೊಂಡ. ಏನು ನಡೆಯುತ್ತಿದೆ ಎಂದು ಯಾರಿಗೂ ತಿಳಿಯಲಿಲ್ಲ. ಮೊಮ್ಮಗಳಿಗೆ ಅರ್ಧಂಬರ್ಧ ತಿಳಿದು ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಸೊಸೆ ಮಾತ್ರ ಗಂಡನ ತೋಳು ಚಿವುಟಿ, “ನೋಡ್ರೀ, ಇಷ್ಟು ಜನರ ಎದುರಿಗೂ ಶುರು!” ಎಂದು ಹಲ್ಲು ಕಡಿದಳು.

ಹೌದು ಎಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಅಜ್ಜಿ ಹೇಳಿದ್ದು ಹೊರಗಿನವರು ಯಾರ ಕಿವಿಗೂ ಬಿದ್ದಿರಲಿಲ್ಲ. ಮಾದರಿ ಮನೆಯ ಫಲಕ ಬಾಗಿಲಿಗೆ ಬರುತ್ತಿತ್ತು, ಭಾನುವಾರಗಳು ಹಾಗೇ ಉಳಿಯುತ್ತಿದ್ದವು. ಫಿಟ್ಟರ್ ಹೆಂಡತಿಯ ಒಣಗಿದ ತುಟಿಗಳನ್ನೇ ನೋಡಿದರು. ಅವರಿಗೆ ನಾಚಿಕೆಯಾಯಿತು.

“ಬರ್ಕೋಬೇಡಿ,” ಎಂದರು ಗಟ್ಟಿಯಾಗಿ. “ನಾನು ಹೇಳಿದ್ದು ತಪ್ಪು. ಇದು ಗಿರಣಿಯವರು ಕಟ್ಟಿದ ಗೋಡೆ ಅಲ್ಲ. ಇಲ್ಲೊಂದು ಬಾಗಿಲಿತ್ತು. ನಮ್ಮತ್ತೆ ಮುಚ್ಚಿದ್ದು. ಇಟ್ಟಿಗೆ ಹೊತ್ತಿದ್ದು ನಮ್ಮನೆಯವಳು. ಬೇಕಾದ್ರೆ ಅವಳನ್ನೇ ಕೇಳಿ, ಅವಳಿಗೆ ಗೊತ್ತು. ನನಗೆ ಗೊತ್ತಿಲ್ಲ.”

ಸೊಸೆಯ ಕೈ ಗಂಡನ ತೋಳಿನ ಮೇಲೇ ಉಳಿಯಿತು.

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು ನಕ್ಕುಬಿಟ್ಟರು. “ಬದುಕಿದೆ ಮಾರಾಯ್ರೇ! ಮೊದಲ ದಿನದಿಂದಲೂ ನನಗೆ ಅನುಮಾನ. ಇಟ್ಟಿಗೆಯ ಗುರುತಿರೋ ಮುಖಾನ ಯಾವ ಗಾರೆಯವನೂ ಹೊರಗೆ ಕಾಣೋ ಹಾಗೆ ಇಡಲ್ಲ, ಗಾರೆ ಹಿಡೀಲಿ ಅಂತ ಒಳಗೆ ಮಲಗಿಸ್ತಾನೆ. ಈ ಗೋಡೇಲಿ ಎಲ್ಲಾ ಚಕ್ರಾನೂ ಹೊರಗೆ! ಆದ್ರೆ ನೀವು ಅಷ್ಟು ಖುಷಿಯಾಗಿ ಹೇಳೋರಲ್ಲ, ಕೇಳೋಕೆ ನನಗೂ ಬಾಯಿ ಬರ್ಲಿಲ್ಲ.”

“ಅದು ನಾನೇ ಹೇಳಿದ್ದು,” ಎಂದರು ಅಜ್ಜಿ, ಈ ಸಲ ಎಲ್ಲರಿಗೂ ಕೇಳುವ ಹಾಗೆ. “ಚಕ್ರ ಈ ಕಡೆ ಇಡಮ್ಮ, ಚೆನ್ನಾಗಿ ಕಾಣತ್ತೆ ಅಂತ ಹಟ ಹಿಡಿದಿದ್ದೆ. ನಮ್ಮಮ್ಮ ಬೈಕೊಂಡೇ ಇಟ್ಲು.” ಬಣ್ಣದ ಮನೆ ನೀರು ಬಚ್ಚಲಿಗೆ ನುಗ್ಗುತ್ತಿದ್ದ ಕಥೆಯನ್ನೂ ಬಾಯಿಬಿಟ್ಟು ಹೇಳಿದರು.

ಮೇಡಂ ಗೋಡೆಯ ಮೇಲ್ಭಾಗದಲ್ಲಿ ಉಳಿದ ಗಾರೆಯನ್ನು ಉಳಿಯಿಂದ ಕೆರೆಸಿದರು. ಬಾಗಿಲ ಮೇಲಿನ ಮರದ ತೊಲೆ ಸಿಕ್ಕಿತು. ಹಿಂದಿನ ಪಾಳು ಜಾಗದಲ್ಲಿ ಕಳೆ ಕಿತ್ತಾಗ ಬಚ್ಚಲಿನ ಕಲ್ಲುಹಾಸೂ ಸಿಕ್ಕಿತು. ಅಧಿಕಾರಿ ತಲೆ ಕೆರೆದುಕೊಂಡ.

“ಹಾಗಾದ್ರೆ ಇದಕ್ಕೇನು ಮಾಡೋದು ಮೇಡಂ?”

“ಮಾಡೋದೇನಿದೆ? ಮೂಲಕ್ಕೆ ತರೋದೇ ನಮ್ಮ ಕೆಲಸ. ಗಿರಣಿಯವರು ಇಲ್ಲಿ ಬಾಗಿಲಿಟ್ಟು ಬಚ್ಚಲು ಕಟ್ಟಿದ್ರು. ನಾವೂ ಬಾಗಿಲು ತೆಗೆದು ಬಚ್ಚಲು ಕಟ್ಟೋಕೆ ಒಪ್ಪಿಗೆ ಕೊಡೋಣ. ಬಣ್ಣದ ಮನೆ ಮುಚ್ಚಿ ಎಷ್ಟೋ ಕಾಲ ಆಯ್ತು, ಇನ್ನು ನೀಲಿ ನೀರೂ ಬರಲ್ಲ. ಪಕ್ಕದಲ್ಲೇ ಒಂದು ಕಕ್ಕಸೂ ಕಟ್ಕೊಳ್ಳಿ.”

ಕಿಟಕಿಯಿಂದ ಒಬ್ಬಾಕೆ ತಲೆ ತೂರಿಸಿದಳು. “ಮೇಡಂ, ನಮ್ಮನೇಲೂ ಹಿಂದೆ ಬಾಗಿಲಿತ್ತಾ?”

“ಇದ್ದೇ ಇರುತ್ತೆ ಕಣಮ್ಮ, ಸಾಲೆಲ್ಲ ಒಂದೇ ನಕ್ಷೆ.”

ಆಮೇಲೆ ಮೇಡಂ ಅವರನ್ನು ಸಾಲಿನ ಹೆಂಗಸರು ಸಂಜೆಯವರೆಗೂ ಬಿಡಲಿಲ್ಲ. ಒಂದೊಂದು ಮನೆಯಲ್ಲೂ ಗೋಡೆ ತಟ್ಟಿಸಿದರು, ಒಂದೊಂದು ಮನೆಯಲ್ಲೂ ಚಹಾ ಕುಡಿಸಿದರು.

ಸೊಸೆ ಟ್ರಂಕಿನ ಮುಚ್ಚಳ ತೆಗೆದು ಅತ್ತೆಯ ದಿಂಬನ್ನು ಹಾಸಿಗೆಗೆ ತಂದಿಟ್ಟಳು. ಎದೆಯ ಮೇಲಿಂದ ಚಪ್ಪಡಿ ಇಳಿದಂತಾಗಿತ್ತು. ಆದರೂ ಬಾಯಿ ಸುಮ್ಮನಿರಬೇಕಲ್ಲ.

“ಅತ್ತೆ, ಇಷ್ಟು ದಿನ ಗೊತ್ತಿದ್ದೂ ಗೊತ್ತಿದ್ದೂ ಬಾಯಾರಿಕೊಂಡು ಕೂತಿದ್ರಲ್ಲ! ನಿಮಗೆ ಏನು ಹೇಳ್ಬೇಕು?”

“ಬೈಯಿ,” ಎಂದರು ಅಜ್ಜಿ. “ಬೈದು ಮುಗಿಸಿ ಒಂದು ಲೋಟ ನೀರು ಕೊಡು.”

ಫಿಟ್ಟರ್ ಎರಡು ದಿನ ಗೋಡೆಯ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಹೆಂಡತಿಯ ಹಾಸಿಗೆಯ ಬಳಿ ಸ್ಟೂಲು ಎಳೆದುಕೊಂಡು ಕೂತರು.

“ನಾನು ಊರಿಗೆಲ್ಲ ಬೊಗಳೆ ಬಿಡ್ತಿದ್ದಾಗ ನೀನು ಒಳಗೊಳಗೇ ನಗ್ತಿದ್ಯಾ?”

“ಮೊದಲನೇ ದಿನ ನಕ್ಕೆ. ಆಮೇಲೆ ನಿಮ್ಮ ಮುಖ ನೋಡಿ ನಗು ಬರ್ಲಿಲ್ಲ. ಹೇಳ್ಬಿಟ್ರೆ ಮತ್ತೆ ಗೋಡೆ ಕಡೆ ತಿರುಗಿ ಮಲಗ್ತೀರ ಅಂತ ಭಯ ಆಯ್ತು.”

“ನಿನ್ನ ಸೊಂಟ ಮುರಿದ್ಮೇಲಾದ್ರೂ ಹೇಳ್ಬಾರ್ದಿತ್ತಾ, ದಡ್ಡಿ?”

“ಪೇಪರಲ್ಲಿ ಫೋಟೋ ಬಂದ್ಬಿಟ್ಟಿತ್ತಲ್ಲ. ನೀವು ಅದನ್ನ ಕಟ್ಟು ಹಾಕಿಸಿದ್ರಿ.”

ಫಿಟ್ಟರ್ ಕಣ್ಣೊರೆಸಿಕೊಂಡರು. “ಇನ್ನೇನೇನು ಸುಳ್ಳು ಹೇಳ್ತಿದೀನಿ ನಾನು? ಈಗಲೇ ಹೇಳಿಬಿಡು.”

“ಗಡಿಯಾರ ನಿಂತಿದ್ದು ಬಿರುಗಾಳಿಗಲ್ಲ. ಪಾರಿವಾಳ ಗೂಡು ಕಟ್ಟಿದ್ದಕ್ಕೆ. ಮಿಕ್ಕಿದ್ದೆಲ್ಲ ಪರವಾಗಿಲ್ಲ.”

ಆ ಭಾನುವಾರ ಫಿಟ್ಟರ್ ಹೋಗುವುದೇ ಇಲ್ಲ ಎಂದು ಹಟ ಹಿಡಿದರು. ಇಸ್ತ್ರಿ ಮಾಡಿದ ಶರ್ಟು ತಂದು ಮಡಿಲಿಗೆ ಹಾಕಿದವಳು ಸೊಸೆಯೇ. “ಏಳಿ ಮಾವ. ಅನ್ನ ಬೇಗ ಬಸಿದಿಟ್ಟಿದೀನಿ. ಜನ ಬಂದು ಬಾಗಿಲು ಒಡೆಯೋದು ನೋಡ್ಲಿ.” ಜನ ಬಂದರು. ಸಾಲಿನ ಹೆಂಗಸರು ಗಾರೆಯವರ ಹಂಗಿಲ್ಲದೆ ಗೋಡೆ ಕಟ್ಟಿದ ಕಥೆಯನ್ನು ಫಿಟ್ಟರ್ ಹೇಳಿದರು, ಅಜ್ಜಿ ಹೊಸ್ತಿಲಿಂದಲೇ ತಪ್ಪು ತಿದ್ದಿದರು. ಮೊದಲಿಗಿಂತ ಜೋರಾಗಿಯೇ ಚಪ್ಪಾಳೆ ಬಿತ್ತು. ಅಜ್ಜಿಗೆ ಬಿದ್ದದ್ದು ಹೆಚ್ಚು ಎಂದು ಫಿಟ್ಟರ್ ಆಮೇಲೆ ಗೊಣಗಿದರು.

ಬಚ್ಚಲು, ಕಕ್ಕಸು ಮುಗಿಯಲು ಇನ್ನೂ ಕೆಲವು ವಾರ ಹಿಡಿಯಿತು. ಮೇಸ್ತ್ರಿ ಕೈಕೊಟ್ಟ, ಪೈಪು ಸೋರಿತು, ಮಗ ರಜೆ ಹಾಕಿ ಸಿಮೆಂಟು ಕಲಸಿದ. ಕೊನೆಗೆ ಗೋಡೆಗೆ ಹಿಡಿಕೆ ಕೂರಿಸಿ, ಬಾಗಿಲಿಗೆ ಒಳಚಿಲಕ ಹಾಕಿದ ಮರುದಿನ ಬೆಳಿಗ್ಗೆ ಅಜ್ಜಿ ಹೊಟ್ಟೆತುಂಬ ನೀರು ಕುಡಿದು, ವಾಕರ್ ಊರಿಕೊಂಡು, ಯಾರ ಕೈಯನ್ನೂ ಹಿಡಿಯದೆ ಒಳಗೆ ಹೋದರು. ಚಿಲಕ ಬಿದ್ದ ಸದ್ದು ಕೇಳಿಸಿತು.

ಹೊತ್ತಾಯಿತು. ಇನ್ನೂ ಹೊತ್ತಾಯಿತು. ಚಹಾ ಆರಿತು. ಸೊಸೆ ಒಲೆ ಬಿಟ್ಟು ಬಾಗಿಲ ಬಳಿ ಬಂದಳು. ಮಗ ಒಂದೇ ಶೂ ಹಾಕಿಕೊಂಡು ಬಂದ. ಮೊಮ್ಮಗಳು ಬಂದಳು. ಫಿಟ್ಟರಿಗೆ ತಡೆಯಲಾಗಲಿಲ್ಲ.

“ಏನಾಯ್ತೇ? ಬಿದ್ಯಾ?” ಎಂದು ಬಾಗಿಲು ಬಡಿದು ಕೂಗಿದರು.

“ಏನೂ ಆಗಿಲ್ಲ, ಸುಮ್ನೆ ಕೂತಿದೀನಿ,” ಒಳಗಿಂದ ಅಜ್ಜಿಯ ದನಿ ಬಂತು. “ಹುಟ್ಟಿದಾಗಿಂದ ನಾನು ಒಳಗೆ ಹೋದ್ರೆ ಹೊರಗೆ ಯಾರಾದ್ರೂ ಕೆಮ್ಮುತಾ ನಿಂತಿರೋರು. ಈಗ ಯಾರೂ ಕಾಯ್ತಿಲ್ಲ ಅಲ್ವಾ?”

ನಾಲ್ಕು ಜನವೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೊಸೆ ಬಾಯಿಯ ಮೇಲೆ ಬೆರಳಿಟ್ಟು, ಮಾವನನ್ನು, ಗಂಡನನ್ನು, ಮಗಳನ್ನು ಒಬ್ಬೊಬ್ಬರನ್ನಾಗಿ ನಡುಮನೆಯ ಕಡೆ ತಳ್ಳಿದಳು. ಆಮೇಲೆ ಮಂದ ಕಿವಿಗೂ ತಲುಪುವ ಹಾಗೆ ಗಂಟಲೆತ್ತಿ ಕೂಗಿದಳು.

“ಯಾರೂ ಇಲ್ಲ ಅತ್ತೆ! ನಿಧಾನವಾಗಿ ಬನ್ನಿ!”